ಮೂರನೇ ಕೂಗಿಗೆ ಓ

ಮೆಹದಿಪಟ್ಟಣಂ, ಹೈದರಾಬಾದ್
24 ಆಗಸ್ಟ್ 2003, ಭಾನುವಾರ

ಪ್ರೀತಿಯ ಸಣ್ಣವ್ವ,

ಫೋನ್ ಬಿಟ್ಟು ಇವಳು ಪತ್ರ ಯಾಕೆ ಬರೆದಳು ಅಂತ ಕವರ್ ಒಡೆಯುವ ಮೊದಲೇ ಗಾಬರಿಯಾಗಿರುತ್ತೀ. ಆಗಬೇಡ. ನಮ್ಮ ಹಾಸ್ಟೆಲಿನ ಎದುರಿನ ಎಸ್‌ಟಿಡಿ ಬೂತ್ ಒಂದು ಗಾಜಿನ ಡಬ್ಬಿ. ಬಾಗಿಲು ಹಾಕಿಕೊಂಡು ನಿಂತರೆ ನನಗೆ ಗಾಳಿ ಸಾಲುವುದಿಲ್ಲ. ಆ ಕಡೆಯಿಂದ ಅವ್ವ, "ಯಾಕ ತೇಕಾಕತ್ತಿ? ಓಡಿ ಬಂದೀಯೇನು?" ಅಂತಾಳೆ. ಹೂಂ, ಓಡಿ ಬಂದೆ ಅಂತ ಸುಳ್ಳು ಹೇಳುತ್ತೇನೆ. ಕಾಗದದಲ್ಲಿ ನನ್ನ ಉಸಿರು ಕೇಳಿಸುವುದಿಲ್ಲ, ಅದಕ್ಕೇ ಪತ್ರ. ಯಾವುದನ್ನು ಅವ್ವನಿಗೆ ಓದಿ ಹೇಳಬೇಕು, ಯಾವುದನ್ನು ನುಂಗಬೇಕು ಅಂತ ನೀನೇ ನೋಡಿಕೋ.

ಇಂಟರ್ನಲ್ಸ್‌ನಲ್ಲಿ ಗಣಿತದ ದಿನ ಪ್ರಶ್ನೆಪತ್ರಿಕೆ ಕೊಟ್ಟು ಹಾಲ್‌ನ ಬಾಗಿಲು ಹಾಕಿದರು. ಎಲ್ಲ ಗೊತ್ತಿದ್ದ ಲೆಕ್ಕಗಳೇ. ಆದರೆ ಬಾಗಿಲು ಹಾಕಿದ ಸದ್ದಿಗೆ ನನ್ನ ಎದೆಯನ್ನು ಯಾರೋ ಮುಷ್ಟಿಯಲ್ಲಿ ಹಿಡಿದ ಹಾಗಾಯಿತು. ಎಷ್ಟು ಎಳೆದುಕೊಂಡರೂ ಗಾಳಿ ಗಂಟಲಿನಿಂದ ಕೆಳಗಿಳಿಯಲೊಲ್ಲದು. ಖಾಲಿ ಪೇಪರ್ ಕೊಟ್ಟು ಹೊರಗೆ ಓಡಿದೆ. ಡಾಕ್ಟರ್ ಎಕ್ಸ್‌ರೇ ನೋಡಿ, "ಲಂಗ್ಸ್ ಫಸ್ಟ್‌ಕ್ಲಾಸ್ ಇವೆ" ಅಂದರು. ಫಸ್ಟ್‌ಕ್ಲಾಸ್ ಲಂಗ್ಸ್ ಇಟ್ಟುಕೊಂಡು ಗಣಿತದಲ್ಲಿ ಸೊನ್ನೆ.

ವಾರ್ಡನ್ ಪುಣೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಬಿಟ್ಟಿದ್ದಾರೆ. ಸೈಟಿನಲ್ಲಿ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದಿನ ನಡುವೆ ಅಪ್ಪ ಕೂಗಿದ್ದು ಇಷ್ಟೇ: "ಇನ್ನೊಮ್ಮೆ ಹಿಂಗಾತು ಅಂದ್ರ ಗಂಟುಮೂಟಿ ಕಟ್ಟು. ಯಾದಗಿರ್‍ಯಾಗೂ ಕಾಲೇಜ ಅದಾವು." ಸಣ್ಣವ್ವ, ಆರು ವರ್ಷದವಳಿದ್ದಾಗ ನನ್ನನ್ನು ಹಾಸ್ಟೆಲಿಗೆ ಹಾಕಿದಿರಿ. ಅಲ್ಲಿಂದ ಇಲ್ಲಿಯತನಕ ಒಬ್ಬಳೇ ಬಂದಿದ್ದೇನೆ. ಈಗ ಉಸಿರಿಗೆ ಸೋತು ವಾಪಸ್ ಬರಲಾರೆ.

ಇನ್ನು ತಮಾಷೆ ಕೇಳು. ಫಸ್ಟ್ ಇಯರ್‌ನವರು ಎನ್‌ಸಿಸಿ, ಎನ್‌ಎಸ್‌ಎಸ್ ಏನಾದರೊಂದು ತೆಗೆದುಕೊಳ್ಳಲೇಬೇಕು. ನಾನು ಹೋಗುವಷ್ಟರಲ್ಲಿ ಎನ್‌ಸಿಸಿಯ ನೇವಿ ವಿಭಾಗದಲ್ಲಿ ಮಾತ್ರ ಜಾಗ ಉಳಿದಿತ್ತು. ಸಮುದ್ರವೇ ಇಲ್ಲದ ಊರಲ್ಲಿ ನೇವಿ! ಅಲ್ಲಿ ನಿವೃತ್ತ ಡೈವರ್ ಒಬ್ಬರು ಬರುತ್ತಾರೆ, ಸೂರ್ಯನಾರಾಯಣ ಸರ್, ತೆಲುಗಿನವರು. ಪರೇಡಿನಲ್ಲಿ ನಾನು ತೇಕುವುದನ್ನು ನೋಡಿ ಪಕ್ಕಕ್ಕೆ ಕರೆದರು. "ನಿನಗೆ ಉಸಿರು ಎಳೆದುಕೊಳ್ಳುವುದೊಂದೇ ಗೊತ್ತು. ಬಿಡುವುದು ಗೊತ್ತಿಲ್ಲ. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕುತ್ತಿದ್ದೀ. ಸ್ಕೂಬಾ ಕ್ಲಾಸಿಗೆ ಬಾ. ನೀರಿನ ತಳದಲ್ಲಿ ಉಸಿರಾಡಲು ಬಂದರೆ ಪರೀಕ್ಷೆಯ ಹಾಲ್ ಯಾವ ಲೆಕ್ಕ" ಅಂದರು.

ಹೋದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಲ್ಲಿ ಕಚ್ಚಿಕೊಳ್ಳಲು ರಬ್ಬರಿನ ತುಂಡು. ಮೂಗು ಮಾಸ್ಕಿನೊಳಗೆ ಬಂದ್. ಈಜುಕೊಳದ ಆಳದ ಕಡೆ ಮುಳುಗಿ ಕುಳಿತಾಗ ನನ್ನ ಉಸಿರು ನನಗೇ ಎಷ್ಟು ಜೋರಾಗಿ ಕೇಳಿಸಿತೆಂದರೆ, ಮಲಗಿದ ದೊಡ್ಡ ಪ್ರಾಣಿಯೊಂದರ ಹೊಟ್ಟೆಗೆ ಕಿವಿಯಿಟ್ಟ ಹಾಗೆ. ಸ್ವಲ್ಪ ಹೊತ್ತಿಗೇ ಒದ್ದಾಡಿ ಮೇಲೆ ಬಂದೆ. ಗಾಳಿ ಎಷ್ಟು ಉಳಿದಿದೆ ಅಂತ ತೋರಿಸುವ ಗೇಜ್ ಇರುತ್ತದೆ. ಉಳಿದವರ ಮುಳ್ಳು ಇನ್ನೂ ಮೇಲಿತ್ತು. ನನ್ನದು ಕೆಂಪಿಗೆ ಬಂದಿತ್ತು. ಸರ್ ಗೇಜ್ ತಿರುಗಿಸಿ ನೋಡಿ, "ಏಮ್ಮಾ, ಈ ಸಿಲಿಂಡರಿನಲ್ಲಿ ಇಬ್ಬರು ಉಸಿರಾಡಿದರಾ?" ಅಂದರು. ಎಲ್ಲರೂ ನಕ್ಕರು, ನಾನೂ.

ನೀರಿನ ವಿಷಯ ಅವ್ವನಿಗೆ ಹೇಳುತ್ತೀಯೋ ಬಿಡುತ್ತೀಯೋ, ನಿನ್ನಿಷ್ಟ.

ನಿನ್ನ
ಭಾಗ್ಯಾ

ಯಾದಗಿರಿ
5 ಸೆಪ್ಟೆಂಬರ್ 2003

ಭಾಗ್ಯಾ,

ನುಂಗಬೇಕಾದ್ದನ್ನು ನುಂಗಲು ನನಗೆ ಬರಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಓದಿ ಓದಿ ಅಭ್ಯಾಸ ನೋಡು, ಸಾಲು ಕಣ್ಣಿಗೆ ಬಿದ್ದರೆ ಬಾಯಿ ಓದಿಬಿಡುತ್ತದೆ. ಪರೀಕ್ಷೆಯದನ್ನು ಕೇಳಿ ಅಕ್ಕ, "ಆಗತೈತಿ ಬಿಡು, ಹುಡುಗಿ ಶಾಣ್ಯಾಕಿ ಅದಾಳ" ಅಂದಳು. ಈಜುಕೊಳ ಅಂದ ಕೂಡಲೇ ತಟ್ಟುತ್ತಿದ್ದ ರೊಟ್ಟಿಯ ಮೇಲೆ ಕೈ ಹಾಗೇ ನಿಂತಿತು. ಹಂಚಿನ ಮೇಲಿನದು ಕರ್‍ರಗಾಯಿತು. ನಾನೇ ತೆಗೆದೆ.

"ಬರಿ ಆಕೀಗಿ. ನೀರಿಗಿ ಇಳೀಬ್ಯಾಡ ಅಂತ ಬರಿ."

"ಯಾಕ ಅಂತ ಕೇಳತಾಳ, ಏನು ಬರೀಲಿ?"

"ಅವ್ವ ಅಂದಾಳ ಅಂತ ಬರಿ. ಅಷ್ಟ ಸಾಕು."

ಆದ್ದರಿಂದ ಅಷ್ಟೇ ಬರೆದಿದ್ದೇನೆ. ನೀನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕಾರಣ ಕೇಳದೆ ಬಿಡುವುದಿಲ್ಲ ಅಂತ ಗೊತ್ತು. ನನ್ನ ಹತ್ತಿರ ಹೇಳಲು ಬರುವಂಥ ಕಾರಣ ಇಲ್ಲ. ಉಸಿರಾಟ ಕಲಿಯಲು ನೀರೇ ಬೇಕೆ? ನಮ್ಮ ಮೇಲ್ವಿಚಾರಕಿ ಪಾರ್ವತೆಮ್ಮ ಯೋಗ ಕಲಿಸುತ್ತಾಳೆ, ರಜೆಗೆ ಬಂದಾಗ ಕಲಿ.

ಇದರ ಜೊತೆ ಕರಿದಾರ ಇಟ್ಟಿದ್ದೇನೆ, ಅಕ್ಕ ಕೊಟ್ಟದ್ದು. ಎಡಗೈಗೆ ಕಟ್ಟಿಕೋ ಅಂದಿದ್ದಾಳೆ. ನಗಬೇಡ, ಕಟ್ಟಿಕೋ.

ಹಿತ ಬಯಸುವ
ನಿನ್ನ ಸಣ್ಣವ್ವ ರೇಣುಕಾ

ಮೆಹದಿಪಟ್ಟಣಂ
28 ಸೆಪ್ಟೆಂಬರ್ 2003, ಭಾನುವಾರ

ಸಣ್ಣವ್ವ,

ಕರಿದಾರ ಕಟ್ಟಿಕೊಂಡಿದ್ದೇನೆ. ಕಟ್ಟಿಕೊಂಡೇ ನೀರಿಗೆ ಇಳಿಯುತ್ತಿದ್ದೇನೆ. ಬೈಯಬೇಡ. ಹತ್ತು ಜನ ಕ್ಯಾಡೆಟ್‌ಗಳಲ್ಲಿ ಪೂಲ್ ಟೆಸ್ಟ್ ಪಾಸಾದವರನ್ನು ಜನವರಿಯಲ್ಲಿ ವಿಶಾಖಪಟ್ಟಣದ ಕ್ಯಾಂಪಿಗೆ ಕರೆದುಕೊಂಡು ಹೋಗಿ ಸಮುದ್ರಕ್ಕೆ ಇಳಿಸುತ್ತಾರೆ. ನಾನು ನನ್ನೊಳಗೇ ಒಂದು ಪಂಥ ಕಟ್ಟಿಕೊಂಡಿದ್ದೇನೆ. ಇದರಲ್ಲಿ ಗೆದ್ದರೆ ಮಾರ್ಚಿನ ಪರೀಕ್ಷೆಗೆ ಕೂರುತ್ತೇನೆ. ಸೋತರೆ ಅಪ್ಪ ಹೇಳುವುದೂ ಬೇಡ, ನಾನೇ ಗಂಟುಮೂಟೆ ಕಟ್ಟುತ್ತೇನೆ.

ಹೊಸ ಗೆಳತಿ ಸಿಕ್ಕಿದ್ದಾಳೆ, ವಾಸಂತಿ. ಅಪ್ಪ ರೈಲ್ವೆಯಲ್ಲಿದ್ದಾರೆ, ಮಲ್ಕಾಜ್‌ಗಿರಿಯಲ್ಲಿ ಮನೆ, ಮೂಲ ರಾಯಚೂರು. ನೀರಿನೊಳಗೆ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು, ನನ್ನ ಜೋಡಿ ಅವಳು. ಮನೆಯಿಂದ ಪುಂಡಿಪಲ್ಯ ತರುತ್ತಾಳೆ. ಅದಕ್ಕಾದರೂ ನೀನು ಅವಳನ್ನು ಮೆಚ್ಚಬೇಕು.

ಈ ವಾರ ನನ್ನ ಮರ್ಯಾದೆ ಹೋಯಿತು. ನೀರಿನ ತಳದಲ್ಲಿ ಮಾತಿಲ್ಲವಲ್ಲ, ಸರ್ ನಮ್ಮನ್ನು ಕರೆಯಬೇಕಾದರೆ ಸ್ಟೀಲಿನ ಸರಳಿನಿಂದ ತಮ್ಮ ಸಿಲಿಂಡರನ್ನು ಬಡಿಯುತ್ತಾರೆ. ಟಣ್ ಅಂದ ಕೂಡಲೇ ಅವರ ಕಡೆ ತಿರುಗಿ, ಹೆಬ್ಬೆರಳು ತೋರುಬೆರಳು ಕೂಡಿಸಿ 'ಸರಿಯಾಗಿದ್ದೇನೆ' ಅಂತ ತೋರಿಸಬೇಕು. ತೋರಿಸದಿದ್ದರೆ ಅಪಾಯ ಅಂತಲೇ ಅರ್ಥ. ಅಂದು ಬಡಿದರು. ಕೇಳಿಸಿತು. ನಾನು ಸುಮ್ಮನೆ ಕುಳಿತೆ. ಮತ್ತೆ ಬಡಿದರು. ಆಗಲೂ ಸುಮ್ಮನಿದ್ದೆ. ಮರುಕ್ಷಣವೇ ಕುತ್ತಿಗೆಯ ಪಟ್ಟಿ ಹಿಡಿದು ನನ್ನನ್ನು ಮೇಲಕ್ಕೆ ಎಳೆದರು.

"ಏಮ್ಮಾ, ಚೆವುಡಾ?" ಕಿವುಡಾ ನಿನಗೆ ಅಂತ.

"ಇಲ್ಲ ಸರ್, ಕೇಳಿಸಿತು."

"ಮತ್ತೆ?"

"ನೀವು ಮೂರನೇ ಸಲ ಬಡಿಯಲಿಲ್ಲವಲ್ಲ ಸರ್."

ಅವರ ಮುಖ ನೋಡಬೇಕಿತ್ತು. ವಾಸಂತಿ ದಂಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು. "ಮೂರು ಸಲ ಕರೀಬೇಕೇನವಾ ರಾಣೀಸಾಹೇಬ್ರಿಗೆ? ಚಾಮರ ಬೀಸೂದೊಂದು ಬಾಕಿ ಐತಿ ನೋಡು!"

ಅದು ನಮ್ಮ ಮನೆಯ ರೂಢಿ ಅಂತ ಹೇಗೆ ಹೇಳಲಿ? ಅವ್ವ ಕೂಗಿದರೆ ಮೊದಲ ಎರಡು ಕೂಗಿಗೆ ಓ ಅನ್ನಬಾರದು, ಮೂರನೆಯದಕ್ಕೇ ಅನ್ನಬೇಕು. ದೆವ್ವ ಬಂದರೆ ಎರಡೇ ಸಲ ಕೂಗುತ್ತದೆ, ಅದಕ್ಕೆ ಅಂತ ನೀನೇ ಹೇಳಿದ್ದೆ. ಹಾಸ್ಟೆಲಿನಲ್ಲೂ ಹಾಜರಿ ಕರೆದಾಗ ಇದಕ್ಕೇ ಏಟು ತಿಂದಿದ್ದೆ. ಬಿಟ್ಟಿತು ಅಂದುಕೊಂಡಿದ್ದೆ. ನೀರಿನೊಳಗೆ ಹೋದರೆ ಹಳೆಯದೆಲ್ಲ ಮೇಲೆ ಬರುತ್ತದೇನೋ.

ಒಂದು ಮಾತನ್ನು ಅವರ್‍ಯಾರಿಗೂ ಪೂರ್ತಿ ಹೇಳಲಿಲ್ಲ. ಅದಕ್ಕಿಂತ ಹಿಂದಿನ ವಾರ ಸರ್ ದಂಡೆಯ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು. ನಾನು ತಳದಲ್ಲಿದ್ದೆ. ಟಣ್. ಸ್ವಲ್ಪ ಬಿಟ್ಟು ಇನ್ನೊಮ್ಮೆ ಟಣ್. ಮೇಲೆ ಬಂದು ನೋಡಿದರೆ ಸರಳು ಅವರ ಕುರ್ಚಿಯ ಕೆಳಗೆ ಒಣಗಿಕೊಂಡು ಬಿದ್ದಿತ್ತು. ವಾಸಂತಿಯನ್ನು ಕೇಳಿದರೆ, "ಪೈಪಿಂದಿರಬೇಕು" ಅಂದಳು.

ಪೈಪಿನದೇ ಇರಬಹುದು. ಆದರೆ ನಾನು ಉಸಿರು ಬಿಟ್ಟು, ಗುಳ್ಳೆಗಳ ಗದ್ದಲ ಮೇಲೆ ಹೋಗಿ, ಮತ್ತೆ ಎಳೆದುಕೊಳ್ಳುವ ಮೊದಲು ಒಂದು ಖಾಲಿ ಜಾಗ ಇರುತ್ತದಲ್ಲ, ಆ ಜಾಗದಲ್ಲಿ ಇನ್ನೊಂದು ಉಸಿರು ಕೇಳುತ್ತದೆ. ಸಣ್ಣದು, ಅವಸರದ್ದು. ಅದನ್ನು ಕೇಳಬಾರದೆಂದು ನಾನು ಆ ಖಾಲಿ ಜಾಗವನ್ನೇ ಬಿಡದೆ ಎಳೆಯುತ್ತೇನೆ, ಎಳೆಯುತ್ತೇನೆ. ಸಿಲಿಂಡರ್ ಬೇಗ ಖಾಲಿಯಾಗುವುದು ಅದಕ್ಕೇ.

ಇದನ್ನಂತೂ ಅವ್ವನಿಗೆ ಓದಬೇಡ.

ಭಾಗ್ಯಾ

ಯಾದಗಿರಿ
12 ಅಕ್ಟೋಬರ್ 2003

ಭಾಗ್ಯಾ,

ಓದಲಿಲ್ಲ. ಆದರೆ ನಾನು ಓದುವಾಗ ಅಕ್ಕ ನನ್ನ ಮುಖವನ್ನೇ ಓದಿದಳು.

ಈಗ ಕ್ಲಾಸು ನಿಲ್ಲಿಸು. ಇದನ್ನು ನಿಮ್ಮವ್ವ ಅಂದಳೆಂದು ಬರೆಯುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ. ಕಿವಿಗೆ ನೀರು ಹೋದರೆ ಏನೇನೋ ಸದ್ದು ಕೇಳುತ್ತದೆ, ಡಾಕ್ಟರಿಗೆ ತೋರಿಸು.

ಇಲ್ಲಿ ಅಕ್ಕನ ಮಂಡಿನೋವು ಹಾಗೇ ಇದೆ. ನೀನು ಮನೆಯಲ್ಲಿಲ್ಲದಿದ್ದರೂ ಸಂಜೆ ದೀಪ ಹಚ್ಚುವಾಗ ಅಂಗಳಕ್ಕೆ ಮುಖ ಮಾಡಿ ನಿನ್ನ ಹೆಸರು ಕೂಗುವುದು ನಿಲ್ಲಿಸಿಲ್ಲ. ಎರಡು ಸಲ ಕೂಗಿ ಸುಮ್ಮನೆ ನಿಲ್ಲುತ್ತಾಳೆ. ಮೂರನೆಯದನ್ನು ಕೂಗುವುದಿಲ್ಲ. ಹಿಂದೆ ಹಾಗೆ ನಿಂತಾಗ ಅವಳ ಮುಖ ಅರಳುತ್ತಿತ್ತು. ಈಚೆಗೆ ಅಳುತ್ತಾ ಒಳಗೆ ಬರುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ.

ಇಷ್ಟು ಬರೆಯಬಾರದಿತ್ತೇನೋ. ಬರೆದಾಯಿತು, ಹೊಡೆದುಹಾಕುವುದಿಲ್ಲ.

ದೀಪಾವಳಿಗೆ ಬಾ.

ರೇಣುಕಾ

ಮೆಹದಿಪಟ್ಟಣಂ
2 ನವೆಂಬರ್ 2003, ಭಾನುವಾರ

ಸಣ್ಣವ್ವ,

ದೀಪಾವಳಿಗೆ ಬಂದೆ, ಹೋಳಿಗೆ ತಿಂದೆ, ವಾಪಸ್ ಬಂದೆ. ನೀವಿಬ್ಬರೂ ನನ್ನ ಕೂದಲು ಉದುರುತ್ತಿದೆ, ಸೊರಗಿದ್ದೇನೆ ಅಂತೆಲ್ಲ ಮಾತಾಡಿದಿರಿ. ನಾನೂ ಹಾಸ್ಟೆಲಿನ ಸಾಂಬಾರಿನ ಬಗ್ಗೆ ಮಾತಾಡಿದೆ. ಮೂವರೂ ಎಷ್ಟು ಚೆನ್ನಾಗಿ ಮಾತಾಡಿದೆವು!

ಆದರೆ ಪಾಡ್ಯದ ಸಂಜೆ ನೀನು ಹಾಲು ತರಲು ಹೋಗಿದ್ದೆ. ನಾನು ಅಡುಗೆಮನೆಯ ಬಾಗಿಲಲ್ಲಿ, ಅವ್ವನಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ಅವಳಿಗೆ ನಾನು ಕಾಣುತ್ತಿದ್ದೆ, ನನ್ನ ಕೈಗೆ ಹಣತೆ ಕೊಟ್ಟಿದ್ದೂ ಅವಳೇ. ಕೊಟ್ಟು, ನನಗೆ ಬೆನ್ನು ಮಾಡಿ ಬಚ್ಚಲ ಮುಂದಿನ ನೀರಿನ ಡ್ರಮ್ಮಿನ ಕಡೆ ತಿರುಗಿ, "ಭಾಗ್ಯಾ" ಅಂದಳು. "ಭಾಗ್ಯಾss" ಅಂತ ಇನ್ನೊಮ್ಮೆ. ನಾನು ರೂಢಿಯಂತೆ ಸುಮ್ಮನಿದ್ದೆ. ಅವಳು ತಲೆ ಓರೆ ಮಾಡಿ ಆ ಡ್ರಮ್ಮಿನ ಕಡೆ ಕಿವಿಗೊಟ್ಟು ನಿಂತಳು. ಎಷ್ಟು ಹೊತ್ತು ಅಂತೀ, ಹಣತೆಯ ಎಣ್ಣೆ ನನ್ನ ಬೆರಳಿಗೆ ಇಳಿಯುವಷ್ಟು ಹೊತ್ತು. ಆಮೇಲೆ ಮೂರನೇ ಸಲ ಕೂಗಿದಳು. ನಾನು ಓ ಅಂದೆ. ಅವಳು ಬೆಚ್ಚಿಬಿದ್ದಳು ಸಣ್ಣವ್ವ. ಪಕ್ಕದಲ್ಲೇ ನಿಂತಿದ್ದ ಮಗಳು ಓ ಅಂದದ್ದಕ್ಕೆ.

ಇಲ್ಲಿ ಬಂದ ಮೇಲೆ ಇನ್ನೊಂದು ಪಾಠ ಶುರುವಾಗಿದೆ. ಒಬ್ಬರ ಗಾಳಿ ಮುಗಿದರೆ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುವುದು. ಎರಡು ಉಸಿರು ತಗೊಂಡು ರಬ್ಬರಿನ ತುಂಡನ್ನು ಬಾಯಿಂದ ತೆಗೆದು ಜೋಡಿಗೆ ಕೊಡಬೇಕು, ಅವಳು ಎರಡು ತಗೊಂಡು ನಮಗೆ ಕೊಡುತ್ತಾಳೆ. ವಾಸಂತಿ ಕೈ ಚಾಚಿದಳು. ನನಗೆ ಕೊಡಲಾಗಲಿಲ್ಲ. ಹಲ್ಲು ಬಿಗಿಹಿಡಿದು ಕುಳಿತೆ. ಸರ್ ಎದುರಿಗೆ ಬಂದು ಎದೆ ಮುಟ್ಟಿ ಬಿಡು, ಬಿಡು ಅಂತ ಸನ್ನೆ ಮಾಡಿದರು. ಬಿಡಲಿಲ್ಲ. ಮೇಲೆ ಬಂದ ಮೇಲೆ ವಾಸಂತಿ ನಗಲಿಲ್ಲ. "ನಾ ಖರೇನ ಮುಳುಗಿದ್ದರೂ ಕೊಡತಿದ್ದಿಲ್ಲೇನು ನೀ?" ಅಂದಳು. ಇನ್ನೊಂದು ಉಸಿರು ಅವಳಿಗಿಂತ ಹತ್ತಿರದಲ್ಲಿತ್ತು, ನನ್ನ ಎಡಗಿವಿಯ ಹತ್ತಿರ. ತೆಗೆದ ಕೂಡಲೇ ಅದೇ ಕಸಿದುಕೊಳ್ಳುತ್ತದೆ ಅನ್ನಿಸಿತು ಅಂತ ಹೇಗೆ ಹೇಳಲಿ?

ಟೆಸ್ಟ್ ಡಿಸೆಂಬರಿನಲ್ಲಿ. ಹೀಗಾದರೆ ಫೇಲ್. ಫೇಲಾದರೆ ವಾಪಸ್. ಆದ್ದರಿಂದ ಸುತ್ತಿ ಬಳಸದೆ ಕೇಳುತ್ತೇನೆ, ನೀವೂ ಹಾಗೇ ಹೇಳಿ. ಮೊದಲ ಎರಡು ಕೂಗು ಯಾರಿಗೆ?

ಭಾಗ್ಯಶ್ರೀ

ಯಾದಗಿರಿ
20 ನವೆಂಬರ್ 2003

ಭಾಗ್ಯಾ,

ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಇವತ್ತು ಅಕ್ಕ ಬಂದು ಎದುರಿಗೆ ಕುಳಿತು, "ಬರಕೋ" ಅಂದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ.

"ನಿನಗಿಂತ ಮೊದಲ ಒಬ್ಬಾಕಿ ಮಗಳು ಇದ್ದಳು ನನಗ. ನಾಕ ವರ್ಷದಾಕಿ. ಆಕೀ ಹೆಸರೂ ಭಾಗ್ಯಶ್ರೀನ. ಹೋದಾಕೀ ಹೆಸರು ಹೋಗಬಾರದಂತ ನಿಮ್ಮಪ್ಪ ಅದನ್ನ ನಿನಗ ಇಟ್ಟ.

"ಆಗ ನಾವು ಹೈದರಾಬಾದದಾಗ ಇದ್ದಿವಿ, ಬಾಲಾನಗರದ ಕಡೆ. ಕಾರ್ಖಾನಿ ಒಂದರ ಗ್ವಾಡಿ ಏಳಾಕತ್ತಿತ್ತು. ನಿಮ್ಮಪ್ಪ ಗೌಂಡಿ, ನಾ ಮ್ಯಾಲ ಬಿದಿರಿನ ಪರಾಂಚಿಗಿ ಸಿಮೆಂಟಿನ ಬುಟ್ಟಿ ಹೊರತಿದ್ದೆ. ಕೆಳಗ ಉಸುಕಿನ ಗುಡ್ಡಿ, ಆಕಿ ಅದರಾಗ ಆಡತಿದ್ದಳು. ಗ್ವಾಡಿಗಿ ಹೊಡೆಯೂ ನೀರಿನ ತೊಟ್ಟಿ ಗ್ವಾಡಿ ಹಿಂದ. ಮ್ಯಾಲಿಂದ ಕಾಣತಿದ್ದಿಲ್ಲ. ಗಳಿಗ್ಗೊಮ್ಮೆ ನಾ ಕೂಗತಿದ್ದೆ, ಆಕಿ ಓ ಅಂತಿದ್ದಳು. ಹಂಗ ನಮ್ಮ ಕೆಲಸ ಸಾಗತಿತ್ತು.

"ಆ ದಿನ ಮಧ್ಯಾಹ್ನ ಕೂಗಿದೆ. ಓ ಬರಲಿಲ್ಲ. ಇನ್ನೊಮ್ಮೆ ಕೂಗಿದೆ. ಬಂತು. ಇವತ್ತಿಗೂ ಕಿವ್ಯಾಗ ಐತಿ, ಓ ಅವ್ವಾ ಅಂದಳು. ಆಡಾಕತ್ತಾಳ ಅಂತ ನಾ ಬುಟ್ಟಿ ಎತ್ತಿದೆ. ಊಟಕ್ಕ ಇಳದು ನೋಡಿದರ ಜನ ಕೂಡಿದ್ದರು. ತೊಟ್ಯಾಗಿಂದ ತೆಗೆದವರು ಅಂದರು, ಭಾಳ ಹೊತ್ತಾಗೈತಿ ಅಂತ. ಬೆಳಿಗ್ಗೀನ ಬಿದ್ದಾಳ ಅಂತ. ನಾ ಕೂಗಿದ್ದು ಮಧ್ಯಾಹ್ನ. ಹಂಗಾರ ಓ ಅಂದಾಕಿ ಯಾರು?

"ನೀ ಹುಟ್ಟಿದಿ. ನಡೀಲಾಕ ಕಲತಿ. ನಾ ಕೂಗಿದರ ಎರಡನೇದಕ್ಕ ಓ ಬರತಿತ್ತು. ನೋಡಿದರ ನೀ ನನ್ನ ಕಾಲಾಗ, ಬಾಯಾಗ ಬೆರಳ ಇಟಗೊಂಡು ಸುಮ್ಮನ ಕುಂತಿರತಿದ್ದಿ. ಯಾವ ಓ ನಿಂದು, ಯಾವುದು ಆಕೀದು ತಿಳೀಲಾರದಂಗಾತು. ಅದಕ್ಕ ನಿನಗ ಕಲಿಸಿದೆ, ಮೂರನೇದಕ್ಕ ಅನ್ನು ಅಂತ. ಮೂರನೇದು ಬಂದರ ನೀ ಜೀವಂತ ಅದಿ ಅಂತ ನನಗ ಗೊತ್ತಾಗಬೇಕಿತ್ತು. ಆರು ವರ್ಷಕ್ಕ ಹಾಸ್ಟೆಲಿಗಿ ಕಳಿಸಿದ್ದೂ ಅದಕ್ಕ. ಇಬ್ಬರೂ ಒಂದ ಮನ್ಯಾಗ ಇರೂದು ಬ್ಯಾಡ ಅಂತ. ನಿನ್ನ ಮ್ಯಾಲ ಮಾಯಾ ಮಮತಾ ಇಲ್ಲಂತಲ್ಲ.

"ನೀ ಆ ನೀರಿಗಿ ಇಳಿದಾಗಿಂದ ಇಲ್ಲಿ ಓ ಬರವಲ್ದು. ಸಂಜೀಕ ನಿಂತು ಕೇಳತೀನಿ, ಇಲ್ಲ. ನಿನ್ನ ಹತ್ರ ಬಂದಾಳೇನು ಆಕಿ? ಬಂದಿದ್ದರ ಅಂಜಬ್ಯಾಡ. ನಿನಗ ಅಕ್ಕ ಆಗಬೇಕು, ಆದರ ಇನ್ನೂ ನಾಕ ವರ್ಷದ ಕೂಸು. ಆಕಿ ನಿನ್ನ ಗಾಳಿ ಕಸಗೊಳ್ಳಾಂಗಿಲ್ಲ. ಆಕೀಗಿ ಉಸಿರ ಬಿಡೂದು ಯಾರೂ ಕಲಿಸಿಲ್ಲ, ಅಷ್ಟ."

ಇಷ್ಟೇ. ನೀರಿಗೆ ಇಳಿಯಬೇಡ ಅಂತ ಈ ಸಲ ಅವಳು ಹೇಳಲಿಲ್ಲ. ನನಗೆ ಹೇಳಬೇಕು ಅನ್ನಿಸುತ್ತಿದೆ. ಆದರೂ ಬರೆಯುತ್ತಿಲ್ಲ.

ರೇಣುಕಾ

ಮೆಹದಿಪಟ್ಟಣಂ
14 ಡಿಸೆಂಬರ್ 2003, ಭಾನುವಾರ

ಅವ್ವ, ಸಣ್ಣವ್ವ, ಇಬ್ಬರಿಗೂ,

ತಡವಾಗಿ ಬರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ಮೊದಲ ಸಲ ಬಸ್‌ಸ್ಟಾಪಿನಲ್ಲಿ ಓದಿದೆ. ನನ್ನ ಬಸ್ ಬಂದು ಹೋಯಿತು, ಇನ್ನೊಂದು ಬಂದು ಹೋಯಿತು.

ಒಂದು ದಿನ ಬಾಲಾನಗರಕ್ಕೆ ಹೋಗಿದ್ದೆ. ಸುಮ್ಮನೆ. ಎಲ್ಲ ಕಡೆ ಗೋಡೆಗಳೇ. ಯಾವುದು ಅಪ್ಪ ಕಟ್ಟಿದ್ದು ಅಂತ ಗೊತ್ತಾಗಲಿಲ್ಲ. ಒಂದು ಗೋಡೆಗೆ ಕೈಯಿಟ್ಟು ನಿಂತಿದ್ದೆ. ಕಾವಲಿನವನು ಬಂದು, "ಕ್ಯಾ ಹೋನಾ ಅಮ್ಮಾ?" ಅಂದ. ಏನೂ ಬೇಡ ಅಂದೆ.

ನಿನ್ನೆ ಟೆಸ್ಟ್. ಕೊನೆಗೆ ಹಂಚಿಕೊಳ್ಳುವ ಪಾಠ ಬಂತು. ವಾಸಂತಿ ಕೈ ಚಾಚಿದಳು. ನನ್ನ ಹಲ್ಲು ಮತ್ತೆ ಬಿಗಿಯಾಯಿತು. ಎಡಗಿವಿಯ ಹತ್ತಿರ ಅದೇ ಸಣ್ಣ, ಅವಸರದ ಉಸಿರು. ಈ ಸಲ ನಾನು ಅದರಿಂದ ತಪ್ಪಿಸಿಕೊಳ್ಳಲು ಎಳೆದುಕೊಳ್ಳಲಿಲ್ಲ, ಕೇಳಿಸಿಕೊಂಡೆ. ಅದು ಒಳಗೆ ಎಳೆಯುತ್ತಿತ್ತು, ಮತ್ತೆ ಎಳೆಯುತ್ತಿತ್ತು, ಬಿಡುತ್ತಲೇ ಇರಲಿಲ್ಲ. ಥೇಟ್ ನನ್ನ ಹಾಗೆ. ಸರ್ ನನಗೆ ಹೇಳುವುದನ್ನೇ ನಾನು ಮನಸ್ಸಿನಲ್ಲಿ ಅದಕ್ಕೆ ಹೇಳಿದೆ. ಊಪಿರಿ ವದುಲು ತಲ್ಲಿ, ವದುಲು. ಉಸಿರು ಬಿಡು ತಾಯಿ, ಬಿಡು. ಆಮೇಲೆ ಅದಕ್ಕೆ ತೆಲುಗು ಬರುವುದಿಲ್ಲವಲ್ಲ ಅಂತ ನೆನಪಾಗಿ, "ಬಿಡವಾ" ಅಂದೆ. ತೋರಿಸಿಕೊಡಲೆಂದು ನಾನೇ ಉದ್ದಕ್ಕೆ, ಎದೆ ಖಾಲಿಯಾಗುವ ತನಕ ಬಿಟ್ಟೆ. ಬಾಯಿಯ ತುಂಡು ತಾನೇ ಸಡಿಲವಾಯಿತು. ತೆಗೆದು ವಾಸಂತಿಗೆ ಕೊಟ್ಟೆ. ಎರಡು ಅವಳಿಗೆ, ಎರಡು ನನಗೆ. ನಡುವೆ ಬಾಯಿ ಖಾಲಿ ಇದ್ದಾಗ ಯಾರೂ ಏನನ್ನೂ ಕಸಿಯಲಿಲ್ಲ.

ಪಾಸ್. ಜನವರಿಯ ಮೊದಲನೇ ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ಸಮುದ್ರಕ್ಕೆ ಇಳಿಯುತ್ತೇನೆ. ಅಪ್ಪನಿಗೆ ನಾನೇ ಫೋನ್ ಮಾಡಿ ಮಾರ್ಚಿನ ಪರೀಕ್ಷೆಗೆ ಫೀಸ್ ಕಟ್ಟುತ್ತೇನೆ ಅಂದೆ. ಗಾಜಿನ ಬೂತಿನೊಳಗೆ, ಬಾಗಿಲು ಹಾಕಿಕೊಂಡೇ.

ನಿಮ್ಮ
ಭಾಗ್ಯಾ

ವಿಶಾಖಪಟ್ಟಣ, ಕ್ಯಾಂಪ್
4 ಜನವರಿ 2004, ಭಾನುವಾರ ಸಂಜೆ

ಅವ್ವ, ಸಣ್ಣವ್ವ,

ಚೆನ್ನಾಗಿದ್ದೇನೆ. ಇದನ್ನು ಮೊದಲು ಬರೆಯುತ್ತೇನೆ.

ಬೆಳಿಗ್ಗೆ ಬಿಸಿಲು ಇನ್ನೂ ಎಳೆಯದಾಗಿದ್ದಾಗಲೇ ದೋಣಿಯಲ್ಲಿ ಕರೆದುಕೊಂಡು ಹೋದರು. ಸಮುದ್ರ ಫೋಟೋದ ಹಾಗೆ ನೀಲಿ ಇರುತ್ತದೆ ಅಂದುಕೊಂಡಿದ್ದೆ. ಒಳಗೆ ಇಳಿದರೆ ಹಸಿರು, ಕಲಕಿದ ಹಸಿರು. ಚಾಚಿದ ಕೈಯ ಬೆರಳೇ ಮಸುಕು. ಒಂದು ಹಗ್ಗ ಹಿಡಿದು ಒಬ್ಬರ ಹಿಂದೆ ಒಬ್ಬರು ಇಳಿದೆವು. ತಳದಲ್ಲಿ ಮರಳಿನ ಮೇಲೆ ಮಂಡಿಯೂರಿ ಕುಳಿತೆ. ಅಲ್ಲಿ ಮರಳು ಕಟ್ಟಡದ ಸೈಟಿನ ಉಸುಕಿನ ಹಾಗೇ ಇತ್ತು ಅವ್ವ, ಹಿಡಿ ತುಂಬ ತೆಗೆದುಕೊಂಡರೆ ಬೆರಳ ಸಂದಿಯಿಂದ ಜಾರುತ್ತಿತ್ತು.

ಹೆದರಿಕೆ ಬರಲಿ ಅಂತ ಕಾದೆ. ಬರಲಿಲ್ಲ. ಉದ್ದಕ್ಕೆ ಬಿಟ್ಟೆ. ಗುಳ್ಳೆಗಳು ಹೋದವು. ಖಾಲಿ ಜಾಗ ಬಂತು. ಅಲ್ಲಿ ಆ ಸಣ್ಣ ಉಸಿರು ಇತ್ತು, ಈಗ ಅವಸರವಿಲ್ಲ. ಅದು ಮುಗಿಯುವವರೆಗೆ ಕಾದು, ಆಮೇಲೆ ನನ್ನದನ್ನು ಎಳೆದುಕೊಂಡೆ. ಎರಡು ಅವಳಿಗೆ, ಎರಡು ನನಗೆ.

ಆಗ ಟಣ್ ಅಂತ ಕೇಳಿತು. ಸಿಲಿಂಡರಿನ ಸದ್ದಿಗಿಂತ ದೂರದ್ದು, ಮೇಲಿನಿಂದ ಬಂದದ್ದು. ಪಾಠದ ಪ್ರಕಾರ ಮೊದಲ ಸದ್ದಿಗೇ ಬೆರಳು ಕೂಡಿಸಿ ತೋರಿಸಬೇಕು. ನನಗೆ ತೋರಿಸಬೇಕು ಅನ್ನಿಸಲಿಲ್ಲ. ಅದು ನನ್ನದಲ್ಲ ಅಂತ ಗೊತ್ತಿತ್ತು. ಇನ್ನೊಮ್ಮೆ ಕೇಳಿತು. ಎಡಗಡೆ, ಹಸಿರಿನೊಳಗೆ, ನನ್ನ ಭುಜಕ್ಕಿಂತ ಕೆಳಗೆ ಗುಳ್ಳೆಗಳ ಸಣ್ಣ ಗೊಂಚಲೊಂದು ಎದ್ದು ಮೇಲೆ ಹೋಯಿತು. ವಾಸಂತಿ ನನ್ನ ಬಲಗಡೆ ಇದ್ದಳು.

ಮೂರನೆಯದು ಕೇಳಿತು. ಬಾಯಲ್ಲಿ ರಬ್ಬರ್ ಕಚ್ಚಿಕೊಂಡೇ ನಾನು ಓ ಅಂದೆ. ಎಷ್ಟು ಗಾಳಿ ಇತ್ತೋ ಅಷ್ಟನ್ನೂ ಬಿಟ್ಟು ಅಂದೆ.

ದೋಣಿಗೆ ಬಂದ ಮೇಲೆ, "ಕ್ಷಮಿಸಿ ಸರ್, ಮತ್ತೆ ಮೂರನೇ ಸಲಕ್ಕೆ ಕಾದೆ" ಅಂದೆ. ಸೂರ್ಯನಾರಾಯಣ ಸರ್ ಹುಬ್ಬು ಗಂಟಿಕ್ಕಿದರು. "ನಾನು ಬಡಿಯಲೇ ಇಲ್ಲ. ಸರಳು ದೋಣಿಯಲ್ಲೇ ಮರೆತಿದ್ದೆ" ಅಂದರು. ಆಮೇಲೆ ಎಲ್ಲರ ಗೇಜ್ ನೋಡುತ್ತ ಬಂದರು. ವಾಸಂತಿಯದು ಅರ್ಧಕ್ಕಿಂತ ಕೆಳಗಿತ್ತು. ನನ್ನದನ್ನು ನೋಡಿ ಬೆರಳಿನಿಂದ ತಟ್ಟಿದರು. ಒರೆಸಿ ಮತ್ತೆ ನೋಡಿದರು. ಮುಳ್ಳು ಇಳಿಯುವಾಗ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇತ್ತು.

"ಏಮ್ಮಾ, ಇಷ್ಟು ಹೊತ್ತು ಯಾರ ಗಾಳಿ ಉಸಿರಾಡಿದೆ?" ಅಂತ ಕೇಳಿದರು. ಈ ಸಲ ಯಾರೂ ನಗಲಿಲ್ಲ. ನನಗೆ ಮಾತ್ರ ನಗು ಬಂತು.

ವಾಸಂತಿ ದೋಣಿಯಲ್ಲಿ ಪಕ್ಕಕ್ಕೆ ಬಂದು ಕುಳಿತು, "ಏ ಭಾಗ್ಯಾ, ಕೆಳಗ ಯಾರ ಕೈ ಹಿಡಕೊಂಡು ಕುಂತಿದ್ದಿ?" ಅಂದಳು. ಮರಳು ಹಿಡಿದಿದ್ದೆ ಅಂದೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಸಿ ಬರುತ್ತೇನೆ. ಹಾಲ್‌ನ ಬಾಗಿಲು ಹಾಕಿಕೊಳ್ಳಲಿ ಬಿಡಿ.

ನಿಮ್ಮ ಮಗಳು
ಭಾಗ್ಯಾ

ಯಾದಗಿರಿ
4 ಜನವರಿ 2004, ಭಾನುವಾರ

ಭಾಗ್ಯಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓದಲು ಬಂದರೆ ಸಾಕು.

ನೀನು ಸಮುದ್ರಕ್ಕೆ ಇಳಿಯುವ ದಿನ ಅಂತ ಅಕ್ಕ ಇವತ್ತು ನಸುಕಿನಲ್ಲೇ ಎದ್ದಿದ್ದಳು. ದೀಪ ಹಚ್ಚುವ ಹೊತ್ತಿಗಾಗಿ ಕಾಯಲಿಲ್ಲ. ಎಳೆ ಬಿಸಿಲಿನಲ್ಲಿ ಅಂಗಳಕ್ಕೆ ಹೋಗಿ ಕೂಗಿದಳು. ನಾನು ಹಿಂದೆಯೇ ಚಹದ ಬಟ್ಟಲು ಹಿಡಿದು ನಿಂತಿದ್ದೆ. ಎರಡನೆಯ ಕೂಗಿಗೆ ಓ ಬಂತು. ಇಷ್ಟು ವರ್ಷ ಅಕ್ಕ ಹೇಳುತ್ತಿದ್ದಳೇ ಹೊರತು ನಾನು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಕೇಳಿದೆ. ಸಣ್ಣ ಕೂಸಿನ ದನಿ.

ಅಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ನೀನು ಊರಲ್ಲಿಲ್ಲದಾಗ ಎಂದೂ ಕೂಗದವಳು ಮೂರನೆಯದನ್ನೂ ಕೂಗಿಬಿಟ್ಟಳು. ಅದಕ್ಕೂ ಓ ಬಂತು.

ನಿನ್ನ ದನಿ ನನಗೆ ಗೊತ್ತಿಲ್ಲವೇ? ನಿನ್ನದೇ. ಆದರೆ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಅಂದ ಹಾಗಿತ್ತು, ಆಮೇಲೆ ನೀರು ಕುದಿಯುವಂಥ ಸದ್ದು. ಅಕ್ಕ ನಕ್ಕಳು. "ಇಬ್ಬರೂ ಕೂಡೇ ಅದಾರ" ಅಂದು ಒಳಗೆ ಹೋಗಿ, ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ರೊಟ್ಟಿ ತಿಂದಳು. ನಾನು ಮಾತ್ರ ಚಹದ ಬಟ್ಟಲು ಹಾಗೇ ಬಿಟ್ಟು ಈ ಪತ್ರಕ್ಕೆ ಕುಳಿತೆ.

ನೀವೆಲ್ಲ ಸಮುದ್ರಕ್ಕೆ ತಡವಾಗಿ ಇಳಿದಿರಬೇಕು. ಅಷ್ಟು ಬೆಳಿಗ್ಗೆ ಯಾರು ಇಳಿಸುತ್ತಾರೆ? ಈ ಪತ್ರ ಕೈಸೇರಿದ ಕೂಡಲೇ ಒಂದೇ ಒಂದು ಸಾಲು ಬರೆದು ಹಾಕು. ಎಳೆ ಬಿಸಿಲಿನ ಹೊತ್ತಿಗೆ ನೀನಿನ್ನೂ ದಂಡೆಯ ಮೇಲೆಯೇ ಇದ್ದೆ ಅಂತ ಬರೆ.

ಕಾಯುತ್ತಿರುವ
ಸಣ್ಣವ್ವ